ಗಟಾರದ ನೀರು ಒಯ್ಯುತ್ತಿದ್ದವರು

ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮಗಳ ಮೈ ಮತ್ತೆ ಕೆಂಡವಾಯಿತು. ಗೋಡೆ ಗಡಿಯಾರದ ಆ ಮುಳ್ಳುಗಳು ಈಗಲೂ ಕಣ್ಣಿಗೆ ಕಟ್ಟಿವೆ. ಮೂತ್ರದ ಸೋಂಕಿಗೆ ಎರಡು ದಿನದಿಂದ ಮಾತ್ರೆ ಕೊಡುತ್ತಿದ್ದೆ. ಅದು ವೈದ್ಯರು ಬರೆದುಕೊಟ್ಟದ್ದಲ್ಲ. ಸಿಂಧನೂರಿನ ನಮ್ಮ ಓಣಿಯಲ್ಲಿ ಗುಣವಾದೊಡನೆ ಉಳಿದ ಮಾತ್ರೆಗಳನ್ನು ಡಬ್ಬಿಯಲ್ಲಿಟ್ಟು, ಹೆಪ್ಪಿಗೆ ಮಜ್ಜಿಗೆ ಕೊಟ್ಟಂತೆ ಮನೆಯಿಂದ ಮನೆಗೆ ಕೊಡುತ್ತಿದ್ದೆವು. ಕಾಲೇಜು ಓದಿದ ನಾನೂ ಹಾಗೆಯೇ ಮಾಡಿದ್ದೆ.

ಆ ಹೊತ್ತಿಗೆ ಗಟಾರದ ನೀರನ್ನು ಲ್ಯಾಬಿಗೆ ಒಯ್ಯುವವರೊಬ್ಬರು ಓಣಿಗೆ ಬಂದಿದ್ದರು. ಔಷಧಕ್ಕೆ ಬಗ್ಗದ ರೋಗಾಣು ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಸಿಂಧನೂರು, ಮಸ್ಕಿ, ಲಿಂಗಸುಗೂರು ತಿರುಗಿ ಬಾಟಲಿ ತುಂಬುತ್ತಿದ್ದರು. ಆಮೇಲೆ ಮೊಣಕೈತನಕ ಸೋಪು ಹಚ್ಚಿ ತೊಳೆದು, ಕೈಗಳನ್ನು ಗಾಳಿಗೆ ಎತ್ತಿ ನಿಲ್ಲುವರು.

“ಏನ್ರೀ ಗಟಾರದ ಡಾಕ್ಟರ್ರ, ಜ್ವರ ಇಳೀತೇನ್ರೀ ಗಟಾರಕ್ಕ?” ಎದುರುಮನೆಯಾಕೆ ಕೆಣಕಿದಳು.

“ಗಟಾರಕ್ಕ ಎಲ್ಲಾ ಗೊತ್ತೈತಿ, ಯಕ್ಕಾ.” ಯಾವಾಗಲೂ ಅವರದು ಇದೇ ಉತ್ತರ.

ಮಗಳನ್ನು ಹೊತ್ತು ಹೊರಬಂದ ನನ್ನ ಕೈಯಲ್ಲಿದ್ದ ಮಾತ್ರೆ ನೋಡಿ ಅವರ ಎತ್ತಿದ ಕೈ ಕೆಳಗಿಳಿಯಿತು.

“ಈ ಓಣಿ ಗಟಾರದಾಗಿನ ಹುಳ ಇದಕ್ಕ ಸಾಯವಲ್ವು ಸರ. ಮೊದಲ ದವಾಖಾನಿಗೆ ನಡೀರಿ. ಯಾವ ಔಷಧ ನಾಟ್ತೈತಿ ಅಂತ ಮೂತ್ರ ಟೆಸ್ಟ್ ಮಾಡ್ರಿ ಅನ್ರಿ.”

ಟೆಸ್ಟ್ ಆಯಿತು, ಔಷಧ ಬದಲಾಯಿತು. ಹನ್ನೊಂದನೆಯ ದಿನ ಮಗಳು ಇಡೀ ರಾತ್ರಿ ನಿದ್ದೆ ಮಾಡಿದಳು, ನಾನೂ ಮಾಡಿದೆ. ಬೆಳಿಗ್ಗೆ ಅವರು ಗಟಾರಕ್ಕೆ ಬಾಗಿದ್ದರು. ಮಗಳು ಹುಷಾರಾದಳು ಎಂದೆ. ತಲೆಯಾಡಿಸಿ, ನಮ್ಮ ಬಚ್ಚಲ ನೀರು ಬೀಳುವಲ್ಲೇ ಬಾಟಲಿ ಇಳಿಬಿಟ್ಟರು. ಮಗಳ ಮೈಯಿಂದ ಹೊರಟ ರೋಗಾಣುವೂ ಈಗ ಆ ನೀರಿನಲ್ಲಿತ್ತು.