ಕೇಸು ಹಾಕಿದವರೇ ತಂದ ತೀರ್ಪು

ನನ್ನ ಗಂಡನನ್ನು ಹೆಡ್ ಕ್ಲರ್ಕ್ ಮಾಡಿದ್ದು ಹೈಕೋರ್ಟು ಎಂದು ಮೊಮ್ಮಕ್ಕಳು ತಿಳಿದಿದ್ದಾರೆ. ಹಾಗಲ್ಲ. ಕೋರ್ಟು ಕೊಟ್ಟದ್ದು ತೀರ್ಪು ಮಾತ್ರ. ಇವರು ಆ ಕೆಲಸಕ್ಕೆ ಹೋಗುವಂತೆ ಮಾಡಿದ್ದು ಕೇಸು ಹಾಕಿದ ಕುಶಾಲಪ್ಪಣ್ಣ. ಸ್ವಲ್ಪ ನಾನು.

ಅದು ಎಂಬತ್ತರ ದಶಕದ ಶುರು. ನಾವು ಪರಿಶಿಷ್ಟ ಜಾತಿಯವರು, ಕಬಕದಲ್ಲಿ ಮನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟುತ್ತಿದ್ದವಳು. ಇವರು ಪುತ್ತೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಸುಳ್ಯ ಕಡೆಯ ಗೌಡರಾದ ಕುಶಾಲಪ್ಪಣ್ಣ ಅಲ್ಲೇ ಇವರಿಗಿಂತ ಹಿರಿಯ ಗುಮಾಸ್ತ. ಹೊಸತರಲ್ಲಿ ಪೆನ್ನು ಹಿಡಿಯಲು ಹೆದರುತ್ತಿದ್ದ ಇವರಿಗೆ ಕಚೇರಿ ಕೆಲಸ ಕಲಿಸಿದ್ದೇ ಅವರು.

ಹೆಡ್ ಕ್ಲರ್ಕ್ ಜಾಗ ಖಾಲಿಯಾದಾಗ, ಅದು ಪರಿಶಿಷ್ಟರಿಗೆ ಮೀಸಲು ಎಂದು ಇವರ ಹೆಸರು ಬಂತು. ಇಲಾಖೆಯ ಪರೀಕ್ಷೆಯನ್ನೂ ಇವರು ಪಾಸು ಮಾಡಿದ್ದರು. ಹಿರಿಯ ತಾನಿರುವಾಗ ಇದೆಂಥ ಸಮಾನ ಅವಕಾಶ ಎಂದು ಕುಶಾಲಪ್ಪಣ್ಣ ಬೆಂಗಳೂರಿಗೆ ಹೋಗಿ ಕೇಸು ಹಾಕಿದರು. ಬಡ್ತಿ ನಿಂತಿತು.

ಇಬ್ಬರೂ ಮಾತು ಬಿಟ್ಟರೆಂದು ತಿಳಿಯಬೇಡಿ. ನಮ್ಮ ಕಡೆಯಿಂದ ವಾದಿಸುವವರು ಸರ್ಕಾರದ ವಕೀಲರು, ಅವರ ಮುಖವೇ ನಾವು ಕಂಡವರಲ್ಲ. ಹಾಗಾಗಿ ಕೇಸು ಎಲ್ಲಿಗೆ ಬಂತು ಎಂದು ಇವರು ಕೇಳುತ್ತಿದ್ದದ್ದು ಕುಶಾಲಪ್ಪಣ್ಣನ ಹತ್ತಿರವೇ! "ಪುನಃ ಮುಂದೆ ಹೋಯ್ತು ಮಾರಾಯ. ನಿಂಗೂ ಇಲ್ಲ, ನಂಗೂ ಇಲ್ಲ" ಎಂದು ಅವರು ನಗುತ್ತಿದ್ದರಂತೆ.

ಇವರು ರಜೆಯಲ್ಲಿದ್ದ ಒಂದು ದಿನ ಸಂಜೆ ಕುಶಾಲಪ್ಪಣ್ಣ ನಮ್ಮ ಅಂಗಳಕ್ಕೆ ಬಂದರು. ಅವರು ಯಾವತ್ತೂ ನಮ್ಮ ಜಗಲಿ ಹತ್ತಿದವರಲ್ಲ, ಅಂದೂ ಹತ್ತಲಿಲ್ಲ. ನಿಂತಲ್ಲಿಂದಲೇ, "ಬಾಬು, ನಾನು ಸೋತೆ. ಹಿಂದೆ ಉಳಿದವರನ್ನು ಮೇಲೆ ತರುದೂ ಸಮಾನ ಅವಕಾಶವೇ ಅಂತ ಜಡ್ಜರು ಹೇಳಿದ್ದಾರೆ. ಕಚೇರಿಗೆ ಆರ್ಡರು ಬಂತು. ನಾಳೆ ನೀನು ಚಾರ್ಜು ತಗೊಳ್ಬೇಕು" ಎಂದರು.

ಇವರು ತಲೆ ತಗ್ಗಿಸಿದರು. "ನಂಗೆ ಬೇಡ ಕುಶಾಲಪ್ಪಣ್ಣ. ಬೇಡ ಅಂತ ಬರೆದು ಕೊಡ್ತೇನೆ. ನಿಮ್ಗೆ ನಾನು ಕೆಲಸ ಹೇಳುದು ಹೇಗೆ? ಜಾತಿಯಿಂದ ಸಿಕ್ಕಿದ್ದು ಅಂತ ಎಲ್ಲ ಆಡಿಕೊಳ್ತಾರೆ. ನಾಚಿಕೆ ಆಗ್ತದೆ."

ನನಗೆ ಸಿಟ್ಟು ನೆತ್ತಿಗೇರಿತು. "ಪರೀಕ್ಷೆ ಬರೆದದ್ದು ಜಾತಿಯಾ? ಜಾತಿ ನೋಡಿ ನಮ್ಮ ಜಗಲಿ ಹತ್ತದವರಿಗೆ ನಾಚಿಕೆ ಇಲ್ಲ, ನಿಮ್ಗೆ ಎಂತದು?"

ಕುಶಾಲಪ್ಪಣ್ಣನ ಮುಖ ಸಣ್ಣದಾಯಿತು. ಆಮೇಲೆ, "ಸುಂದರಿ ಹೇಳಿದ್ದರಲ್ಲಿ ತಪ್ಪಿಲ್ಲ" ಎಂದು ಇವರ ಕಡೆ ತಿರುಗಿದರು. "ನಾನು ಸೋತದ್ದು ಸರ್ಕಾರದ ಎದುರು. ನೀನು ಬಿಟ್ಟುಕೊಟ್ರೆ ನಿನ್ನ ದಾನ ತಗೊಂಡ ಹಾಗೆ ಆಗ್ತದೆ. ನಂಗೆ ಅದು ಬೇಡ. ಕೆಲಸ ಕಲಿಸಿದವ ನಾನು, ತಪ್ಪು ಮಾಡಿದ್ರೆ ಬೈಲಿಕ್ಕೂ ನಾನೇ ಉಂಟು. ನಾಳೆಯಿಂದ ಸಾರ್ ಅಂತ ಕರೀತೇನೆ, ಎದುರಿನಿಂದ ಮಾತ್ರ. ಹಿಂದಿನಿಂದ ಎಂತ ಕರೀತೇನೆ ಅಂತ ಕೇಳ್ಬೇಡ."

ಇವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಕುಶಾಲಪ್ಪಣ್ಣನ ಮೇಲೆ ನನಗೆ ದೂರೂ ಇದೆ, ಪ್ರೀತಿಯೂ ಇದೆ. ಈ ವಯಸ್ಸಿನಲ್ಲಿ ಎರಡರಲ್ಲಿ ಒಂದನ್ನು ಬಿಡಲು ನನ್ನಿಂದಾಗದು.

ಮರುದಿನ ಬೆಳಿಗ್ಗೆ ಇವರು ಹೊಟ್ಟೆನೋವು ಎಂದು ಮಲಗಿದಲ್ಲಿಂದ ಏಳಲಿಲ್ಲ. ನಾನು ಚಾಪೆ ಎಳೆದು ಮಡಚಿದೆ. ಗಂಜಿ ಕುಡಿಸಿ ಹೊರಡಿಸಿ, ಪುತ್ತೂರಿನ ಬಸ್ಸಿಗೆ ನಾನೂ ಹತ್ತಿದೆ. ಇವರು ಕಚೇರಿಯ ಮೆಟ್ಟಿಲು ಹತ್ತಿ ಒಳಗೆ ಹೋದದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಪೇಟೆಗೆ ಇಳಿದು ಒಣಮೀನು ಕಟ್ಟಿಸಿಕೊಂಡು ಬಂದೆ.