ಬೆತ್ತದ ಸೀಟು ಕೇಳಿದ್ದೆ

ಅಮ್ಮನಿಗೆ ಮಂಡಿಯ ಆಪರೇಷನ್ ಆಗಿ, ಮಂಗಳೂರಿನಿಂದ ಆಲ್ದೂರಿನ ಮನೆಗೆ ಕರೆತಂದ ಮೇಲೆ ನಾನು ಆ ಕುರ್ಚಿಯನ್ನು ತರಿಸಿದ್ದು. ಇನ್ನು ಮೇಲೆ ನೆಲಕ್ಕೆ ಕೂರಲೇಬಾರದು, ಕೂತರೆ ಮಾಡಿದ್ದೆಲ್ಲ ಹಾಳು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಊಟಕ್ಕೆ ಕೈಯಿಲ್ಲದ ಬೆಂಚು, ಟಿವಿಗೆ ತಗ್ಗಿನ ಸೋಫಾ ಇವೆ, ನಮ್ಮಲ್ಲಿ ಯಾರೂ ನೆಲಕ್ಕೆ ಕೂರುವುದಿಲ್ಲ. ಅಮ್ಮ ಕೂರುತ್ತಿದ್ದುದು ಲಿಂಗಪೂಜೆಗೆ ಮಾತ್ರ. ಸ್ನಾನ ಮುಗಿಸಿ, ವಿಭೂತಿ ಹಚ್ಚಿಕೊಂಡು, ಮಣೆಯ ಮೇಲೆ ಕೂತು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಂಡರೆ ಅವಳ ದಿನ ಶುರುವಾದ ಹಾಗೆ. ಅದು ಮುಗಿಯದೆ ಒಂದು ಲೋಟ ಕಾಫಿಯೂ ಒಳಗೆ ಹೋಗುವುದಿಲ್ಲ.

ಆಸ್ಪತ್ರೆಯಲ್ಲಿ ಮಂಚದ ಮೇಲೇ ಮಾಡಿದ್ದಳು. ಮನೆಯಲ್ಲೂ ಹಾಗೇ ಮಾಡು ಅಂದೆ.

"ಅಲ್ಲಿ ಬೇರೆ ದಾರಿ ಇರ್ಲಿಲ್ಲ. ಮಲಗೋ ಹಾಸಿಗೆ ಮೇಲೆ ಎಷ್ಟು ದಿನ ಅಂತ ಮಾಡ್ಲಿ? ಒಂದು ಮರದ ಕುರ್ಚಿ ಮಾಡ್ಸು ಮಾರಾಯ್ತಿ, ಕೈ ಇರೋದು. ಸಾಕು ನಂಗೆ" ಎಂದಳು.

ಮಾಡಿಸುವುದು ಯಾರ ಹತ್ತಿರ? ಆಲ್ದೂರಿನಿಂದ ಬಣಕಲ್ ತನಕ ಇರುವ ಬಡಗಿಗಳೆಲ್ಲ ಹೋಂಸ್ಟೇಗಳಿಗೆ ಮಂಚ ಮಾಡುವುದರಲ್ಲಿ ಮುಳುಗಿದ್ದಾರೆ. ನಮಗೆ ಗುರುತಿದ್ದ ಬಡಗಿ ಯುಗಾದಿ ಕಳೀಲಿ ಅಂದ. ನಮ್ಮ ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಹಾಕಿರುವ ಪ್ಲಾಸ್ಟಿಕ್ ಕುರ್ಚಿಯಂತೂ ಆಗುವ ಮಾತಲ್ಲ. ಅಮ್ಮ ಅದರ ಮೇಲೆ ಭಾರ ಹಾಕಿ ಏಳಲು ಹೋದಾಗ ಅದರ ಕಾಲು ಹೊರಕ್ಕೆ ಬಾಗಿ, ನನ್ನ ಜೀವ ಬಾಯಿಗೆ ಬಂದಿತ್ತು. ಕೊನೆಗೆ ಫೋನಿನಲ್ಲಿ ಹುಡುಕಿದೆ. ತೇಗದ ಮರ, ಎರಡು ಗಟ್ಟಿ ಕೈ, ಬೆತ್ತದ ಸೀಟು. ಅಮ್ಮನೇ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಬೆತ್ತದ ಹೆಣಿಗೆಯನ್ನು ನೋಡಿ, ಇದೇ ಇರಲಿ ಎಂದಳು. ಅದು ಬರುವ ತನಕ ಹಾಸಿಗೆಯ ಮೇಲೆ ಪೂಜೆ ಮಾಡಲು ಒಪ್ಪಿಕೊಂಡಳು.

ಕುರ್ಚಿ ಬಂತು. ಪೆಟ್ಟಿಗೆಯನ್ನು ಬಿಚ್ಚಿ ನೋಡುತ್ತೇನೆ ಅಂದರೆ ವ್ಯಾನಿನವನು ಬಿಡಲಿಲ್ಲ. ಮೊದಲು ಫೋನಿಗೆ ಬಂದ ನಂಬರು ಹೇಳಬೇಕಂತೆ, ಆಮೇಲೆ ಇಳಿಸುವುದಂತೆ. ಅಂಗಡಿಯಲ್ಲಿ ಕೂತು ಇಷ್ಟು ವರ್ಷ ವ್ಯಾಪಾರ ಮಾಡಿದವಳು ನಾನು, ಕಣ್ಣಲ್ಲಿ ನೋಡದ ಮಾಲಿಗೆ ಸರಿ ಇದೆ ಅಂತ ಒಪ್ಪಿಗೆ ಕೊಟ್ಟೆ. ಬಿಚ್ಚಿ ನೋಡಿದರೆ ಬೆತ್ತವೂ ಇಲ್ಲ, ಮಣ್ಣೂ ಇಲ್ಲ. ಕಂದು ಬಣ್ಣದ, ಮೆತ್ತಗಿನ, ಹೊಳೆಯುವ ಸೀಟು. ಅಸಲಿ ಚರ್ಮ ಎಂದು ಹೆಮ್ಮೆಯಿಂದ ಬರೆದ ಚೀಟಿಯೊಂದು ಅದಕ್ಕೆ ನೇತಾಡುತ್ತಿತ್ತು.

ವಾಕರ್ ಹಿಡಿದು ಬಂದ ಅಮ್ಮ ಅದನ್ನು ಒಮ್ಮೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮೇಲೊಂದು ಕಂಬಳಿ ಹಾಕಿಕೊಡುತ್ತೇನೆ ಅಂದೆ. ಬೇಡ, ಅಡಿಯಲ್ಲಿ ಇರುವುದು ಅದೇ ಅಲ್ಲವಾ ಅಂದಳು. ಲಿಂಗ ಕಟ್ಟಿಕೊಂಡವರಿಗೆ ಮೈಲಿಗೆ ಅನ್ನುವುದೇ ಇಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ ಎಂದು ನೆನಪಿಸಿದೆ. ನನಗೂ ಸಿಟ್ಟು ಬಂದಿತ್ತು.

"ಮೈಲಿಗೆ ಅಂತ ಯಾರು ಹೇಳಿದ್ರು? ಒಂದು ಜೀವದ ತೊಗಲು ಅದು. ಅದ್ರ ಮೇಲೆ ಕೂತು ಲಿಂಗ ನೋಡಿದ್ರೆ ನಂಗೆ ಅದೇ ನೆನಪಾಗುತ್ತೆ" ಎಂದಳು. ನಾನು ಕುರ್ಚಿಯನ್ನು ದೇವರ ಕೋಣೆಯ ಬಾಗಿಲ ಪಕ್ಕಕ್ಕೆ ಸರಿಸಿಟ್ಟೆ.

ಹಾಸಿಗೆಯ ಮೇಲಿನ ಪೂಜೆಯೂ ಅಂದಿಗೆ ನಿಂತಿತು. ಕುರ್ಚಿ ಬರುವ ತನಕ ಎಂದು ಹೇಳಿದ್ದಳು, ಕುರ್ಚಿ ಬಂದಾಯಿತಲ್ಲ. ಮರುದಿನದಿಂದ ದೇವರ ಕೋಣೆಯ ಗೋಡೆಗೆ ಒರಗಿ ನಿಂತುಕೊಂಡೇ ಮಾಡತೊಡಗಿದಳು. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಬಿಲ್ವಪತ್ರೆ. ಕೈ ಎರಡೂ ಸೇವೆಯಲ್ಲಿದ್ದ ಮೇಲೆ ವಾಕರ್ ಹಿಡಿಯುವುದು ಯಾವ ಕೈಯಲ್ಲಿ? ನಾನು ಪಕ್ಕದಲ್ಲಿ ನಿಂತು ಸೊಂಟ ಹಿಡಿದುಕೊಳ್ಳುತ್ತಿದ್ದೆ. ಆಪರೇಷನ್ ಆದ ಕಾಲು ನಡುಗುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಆ ಕಂಪನಿಯವರನ್ನು ಮನಸ್ಸಿನಲ್ಲೇ ಬೈದು ಬೈದು, ಪೂಜೆಯ ಹೊತ್ತಿನಲ್ಲಿ ನಾನು ಕಟ್ಟಿಕೊಂಡ ಪಾಪ ಎಷ್ಟೋ.

ವಾಪಸ್ ಕಳಿಸೋಣವೆಂದು ಆ್ಯಪ್ ತೆರೆದರೆ ಅಲ್ಲಿ ಕಾರಣ ಕೇಳುತ್ತದೆ. ಮುರಿದಿದೆಯೇ, ಅಳತೆ ಚಿಕ್ಕದಾಯಿತೇ, ಬಣ್ಣ ಬೇರೆಯೇ, ಮನಸ್ಸು ಬದಲಾಯಿತೇ. ಹೇಳಿದ್ದೊಂದು ಕಳಿಸಿದ್ದೊಂದು ಎಂಬ ಕಾರಣವೇ ಅಲ್ಲಿ ಇಲ್ಲ. ಅಂಥದ್ದೊಂದು ಜಗತ್ತಿನಲ್ಲಿ ನಡೆಯುತ್ತದೆ ಎಂದು ಅವರಿಗೆ ಗೊತ್ತೇ ಇಲ್ಲವೋ, ಅಥವಾ ಚೆನ್ನಾಗಿ ಗೊತ್ತಿದ್ದೇ ಬಿಟ್ಟಿದ್ದಾರೋ. ಮನಸ್ಸು ಬದಲಾಯಿತು ಎಂದು ಒತ್ತಿ ಎಂದು ಅಂಗಡಿಗೆ ಬಂದವರೊಬ್ಬರು ಸಲಹೆ ಕೊಟ್ಟರು. ನನ್ನ ಮನಸ್ಸು ಎಲ್ಲಿ ಬದಲಾಗಿತ್ತು? ಬೆತ್ತದ ಸೀಟು ಬೇಕು ಅಂತಲೇ ಇತ್ತು, ಈಗಲೂ ಇದೆ. ಅವರ ತಪ್ಪಿಗೆ ನಾನೇಕೆ ಸುಳ್ಳು ಹೇಳಲಿ ಎಂದು ಒತ್ತಲಿಲ್ಲ.

ಫೋನ್ ಮಾಡಿದೆ. ನಮ್ಮದು ಅಂಗಡಿಯ ಹಿಂದಿನ ಹಳೆಯ ಮನೆ, ದಪ್ಪ ಗೋಡೆ, ಒಳಗೆ ಸಿಗ್ನಲ್ ನಿಲ್ಲುವುದಿಲ್ಲ. ಅಂಗಡಿಯ ಮುಂದಿನ ಮೆಟ್ಟಿಲಿಗೆ ಬಂದು, ಬಾಳೆಹೊನ್ನೂರಿನ ಬಸ್ಸುಗಳ ಹಾರನ್ನಿನ ನಡುವೆ ಕೂಗಿಕೊಂಡೇ ಮಾತಾಡಬೇಕು. ಆ ಕಡೆ ಒಬ್ಬ ಹುಡುಗ, ಬೆಣ್ಣೆಯಂಥ ದನಿ.

"ಮೇಡಂ, ಬೆತ್ತದ ಸೀಟು ಸ್ಟಾಕ್ ಇರಲಿಲ್ಲ. ಅದಕ್ಕೇ ನಿಮಗೆ ಪ್ರೀಮಿಯಂ ಲೆದರ್ ಕಳಿಸಿದ್ದೇವೆ. ಇದು ಅಪ್‌ಗ್ರೇಡ್ ಮೇಡಂ. ಎಕ್ಸ್‌ಟ್ರಾ ಚಾರ್ಜ್ ಏನೂ ಇಲ್ಲ."

"ನಾನು ಕೇಳಿದ್ನಾ ಅಪ್‌ಗ್ರೇಡು?"

"ಎಲ್ಲಾ ಕಸ್ಟಮರ್ಸೂ ಇದನ್ನ ಇಷ್ಟಪಡ್ತಾರೆ ಮೇಡಂ."

"ನಂದು ಬಟ್ಟೆ ಅಂಗಡಿ. ಬಾಣಂತಿಗೆ ಅಂತ ಹತ್ತಿ ಸೀರೆ ಕೇಳಿದವ್ರಿಗೆ, ಹತ್ತಿ ಖಾಲಿ, ಜರಿ ಸೀರೆ ತಗೊಂಡು ಹೋಗಿ ಅಂತ ನಾನು ಕಟ್ಟಿಕೊಟ್ರೆ ಸರಿಯಾಗುತ್ತಾ? ರೇಟು ಜಾಸ್ತಿ ಆದ ಮಾತ್ರಕ್ಕೆ ಅವ್ರು ನಂಗೆ ಕೈ ಮುಗೀಬೇಕಾ?"

ನನ್ನ ಭಾವನೆ ತನಗೆ ಅರ್ಥವಾಗುತ್ತದೆ ಎಂದ ಹುಡುಗ. ನನ್ನ ಭಾವನೆಯನ್ನು ಇವನಿಗೆ ಯಾರು ಕೊಟ್ಟರು? ನಾನು ಕೊಟ್ಟಿದ್ದು ದುಡ್ಡು, ಕೇಳಿದ್ದು ಬೆತ್ತ. ವಾಪಸ್ ತೆಗೆದುಕೊಂಡು ಹೋಗಲು ನಮ್ಮ ಊರಿಗೆ ಅವರ ಗಾಡಿ ಬರುವುದಿಲ್ಲವೆಂದೂ ಆಗ ತಿಳಿಯಿತು. ತಂದುಹಾಕುವಾಗ ಇದ್ದ ರಸ್ತೆ ಒಯ್ಯುವಾಗ ಎಲ್ಲಿ ಹೋಯಿತು ಎಂದು ಕೇಳಿದೆ. ಮೇಲಿನವರಿಗೆ ಹೇಳುತ್ತೇನೆ, ಅಲ್ಲಿಯ ತನಕ ಕುರ್ಚಿಗೆ ಒಂದು ಗೀರೂ ಬೀಳಬಾರದು, ಬಿದ್ದರೆ ಕಂಪನಿ ಹೊಣೆಯಲ್ಲ ಎಂದು ಎಚ್ಚರಿಕೆ ಕೊಟ್ಟ. ಎಚ್ಚರಿಕೆ ನನಗೆ.

ಚಿಕ್ಕಮಗಳೂರಿಗೆ ಹೋಗಿ ಬೇರೆ ಕುರ್ಚಿ ತರುತ್ತೇನೆ ಅಂದರೆ ಅಮ್ಮ ಕೇಳಲಿಲ್ಲ. ಇದರ ದುಡ್ಡು ವಾಪಸ್ ಬರಲಿ, ಕೇಳಿದರೆ ಕೊಡದೆ ಎಲ್ಲಿ ಹೋಗುತ್ತಾರೆ, ನೀನು ಬಿಡಬೇಡ ಎಂದಳು. ನನ್ನ ಹಟ ಬಂದಿರುವುದೂ ಅವಳಿಂದಲೇ. ಹೀಗಾಗಿ ದಿನವೂ ಬೆಳಿಗ್ಗೆ ಅವಳದು ಒಳಗೆ ಪೂಜೆ, ಅದು ಮುಗಿದ ಮೇಲೆ ನನ್ನದು ಮೆಟ್ಟಿಲ ಮೇಲೆ ಜಗಳ. ದಿನಕ್ಕೊಬ್ಬರು ಎತ್ತಿಕೊಳ್ಳುತ್ತಿದ್ದರು. ಕಥೆಯನ್ನು ಮೊದಲಿಂದ ಹೇಳಬೇಕಾಗುತ್ತಿತ್ತು. ದಾರಿಯಲ್ಲಿ ಹೋಗುವವರು ನಿಂತು, ಯಾರಿಗಕ್ಕ ಬೈತಿರೋದು ಎಂದು ಕೇಳಿ, ನಕ್ಕು ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. ಮೇಲಿನ ಅಧಿಕಾರಿಯಂತೆ. ಅಮ್ಮ ಆಗಷ್ಟೇ ಸ್ನಾನ ಮುಗಿಸಿದ್ದಳು. ಒಂದೇ ನಿಮಿಷ, ನಾನು ಬರುವ ತನಕ ಮಂಚದ ಮೇಲೇ ಇರು ಎಂದು ಹೇಳಿ ಹೊರಗೆ ಓಡಿದೆ. ಆ ಮನುಷ್ಯ ಕೇಳಿಸಿಕೊಳ್ಳುತ್ತಿದ್ದ. ಹೂಂ ಎನ್ನುತ್ತಿದ್ದ. ಅಮ್ಮನ ಮಂಡಿ, ಪೂಜೆ, ಬೆತ್ತ, ಚರ್ಮ, ಹತ್ತಿ ಸೀರೆ, ರಸ್ತೆ, ಎಲ್ಲವನ್ನೂ ಬಿಡದೆ ಹೇಳಿದೆ. ನನ್ನ ದನಿ ಏರಿತು. ನಿಮ್ಮ ಮನೆಯಲ್ಲೂ ಒಬ್ಬಳು ತಾಯಿ ಇರುತ್ತಾಳೆ ಎಂದೆ. ಹೂಂ ಎನ್ನುವುದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಕಿವಿಯಿಂದ ತೆಗೆದು ನೋಡಿದರೆ ಲೈನ್ ಕಟ್ಟಾಗಿತ್ತು. ಎಷ್ಟು ಹೊತ್ತಿನಿಂದ ಗಾಳಿಗೆ ನ್ಯಾಯ ಹೇಳುತ್ತಿದ್ದೆನೋ.

ಒಳಗೆ ಬಂದರೆ ಅಮ್ಮ ನೆಲದ ಮೇಲೆ ಇದ್ದಳು. ಬಿದ್ದದ್ದಲ್ಲ. ಮಣೆ ಹಾಕಿಕೊಂಡು ಗೋಡೆ ಹಿಡಿದು ತಾನೇ ಕೂತಿದ್ದಳು. ಪೂಜೆ ಮುಗಿದಿತ್ತು, ಲಿಂಗ ಕರಡಿಗೆಗೆ ಸೇರಿತ್ತು. ಒಂದು ಕಾಲು ಮಡಿಸಿ, ಇನ್ನೊಂದನ್ನು ಚಾಚಿಕೊಂಡು, ಏಳಲಾಗದೆ ಕೂತಿದ್ದಳು. ಮಂಡಿ ಆಗಲೇ ಊದಿತ್ತು. ನೋವಿಗೆ ಹಣೆಯ ವಿಭೂತಿಯೆಲ್ಲ ಬೆವರಿನಲ್ಲಿ ಇಳಿದಿತ್ತು.

"ಕರೀಬಾರ್ದಿತ್ತಾ ಅಮ್ಮ?"

"ನಿನ್ನ ದನಿ ಜೋರಾಗ್ತಾ ಇತ್ತು. ಒಪ್ಪಿಸ್ತಾ ಇದೀಯ ಅನ್ಕೊಂಡೆ. ಮಧ್ಯ ಯಾಕೆ ಕರೆದು ಕೆಡಿಸ್ಲಿ ಅಂತ ಸುಮ್ನಿದ್ದೆ."

ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಹತ್ತಿರದಲ್ಲಿದ್ದುದು ಆ ಕುರ್ಚಿಯೊಂದೇ. ನೋವಿನಲ್ಲೂ ಅದರ ಕಡೆ ತಲೆ ಅಲ್ಲಾಡಿಸಿದಳು. ಮಂಚದ ತನಕ ಹೇಗೆ ಕರೆದೊಯ್ದೆನೋ ನನಗೇ ಗೊತ್ತಿಲ್ಲ. ಮಲಗಿಸಿ, ಮಂಡಿಗೆ ಐಸು ಇಡುವಾಗ ಕೇಳಿದಳು.

"ತಗೊಂಡು ಹೋಗ್ತಾರಂತಾ?"

ಅಂಗಡಿಗೆ ಹೋಗಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಂದೆ. ಕುರ್ಚಿಯನ್ನು ಅವಳ ಎದುರಿಗೇ ಎಳೆದುಕೊಂಡು ಸೀಟಿನ ಅಂಚಿಗೆ ಮೊನೆ ಚುಚ್ಚಿದೆ.

"ಬೇಡ ಕಣೇ, ಆಮೇಲೆ ಅವ್ರು ವಾಪಸ್ ತಗೊಳಲ್ಲ" ಎಂದಳು.

"ತಗೊಳೋದು ಬೇಡ" ಎಂದೆ.

ಚರ್ಮ ಗಟ್ಟಿಯಾಗಿತ್ತು, ಅಸಲಿ ಅಂದದ್ದೊಂದು ಮಾತ್ರ ಸುಳ್ಳಾಗಿರಲಿಲ್ಲ. ಅಂಚಿನುದ್ದಕ್ಕೂ ಹರಿದು, ಒಳಗಿನ ಸ್ಪಂಜನ್ನು ಕಿತ್ತು ತೆಗೆಯುವಾಗ ನನಗೆ ಅಳು ಬಂತು. ಸೋತೆ ಎಂದು ಬಂದ ಅಳು. ಅಡಿಯ ಬರೀ ಹಲಗೆ ಕಾಣಿಸಿದ ಮೇಲೆ ಅಮ್ಮ ಐಸನ್ನು ಒಂಚೂರು ಸರಿಸಿಕೊಂಡು ಹೇಳಿದಳು.

"ಚೆನ್ನಾಗಿ ತೊಳೆದು ಬಿಸಿಲಿಗಿಡು. ನಾಳೆ ಅದ್ರ ಮೇಲೆ ಕೂರ್ತೀನಿ."