ಮುಖ ಉಜ್ಜದ ಇಲಿಗಳು

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಲಿ ಸಾಕುವ ಕೆಲಸ ಅವನದು. ಇಪ್ಪತ್ತಾರು ವರ್ಷದಿಂದ ಎಲ್ಲರಿಗೂ ಅವನು ಇಲಿಯಣ್ಣ. ಪಂಜರದ ಹೊಟ್ಟು ಬದಲಿಸುವುದು, ನೀರಿನ ಸೀಸೆ ತೊಳೆಯುವುದು, ಒಂದೊಂದು ಇಲಿಯನ್ನೂ ಕೈಯಲ್ಲೆತ್ತಿ ತೂಕಕ್ಕಿಡುವುದು. ಇಷ್ಟರಲ್ಲಿ ಏಳು ಮಂದಿ ಮುಖ್ಯಸ್ಥರು ಬಂದು ಹೋಗಿದ್ದರು. ಇಲಿಗಳಿಗೆ ಕೊಟ್ಟ ಮರ್ಯಾದೆಯನ್ನು ಅವನು ಅವರಲ್ಲಿ ಒಬ್ಬರಿಗೂ ಕೊಟ್ಟಿರಲಿಲ್ಲ. ಕೊಡುವಂಥದ್ದು ಅವರಲ್ಲಿ ಏನಿತ್ತು, ಬಿಡಿ.

ಈಗಿನ ಮುಖ್ಯಸ್ಥ ಡಾಕ್ಟರಂತೂ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದರಲ್ಲಿ ಪಂಡಿತ. ಯಾವುದೋ ಕಾಡುಬಳ್ಳಿಯ ಎಲೆಯಿಂದ ಬಿಳಿ ಪುಡಿಯೊಂದನ್ನು ತೆಗೆದು, ಮುಖದ ನರದ ನೋವಿಗೆ ಇದೇ ಮದ್ದು ಎಂದು ಹಟ ಹಿಡಿದಿದ್ದ. ಮೊದಲು ಇಲಿಗೆ ಪುಡಿ ಕದಡಿದ ನೀರು ಕುಡಿಸುವುದು, ಆಮೇಲೆ ಅದರ ಮೇಲ್ದುಟಿಗೆ ಉರಿಯುವ ದ್ರವ ಚುಚ್ಚುವುದು. ಉರಿ ತಡೆಯಲಾರದ ಇಲಿ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳುತ್ತದೆ. ಎಷ್ಟು ಸೆಕೆಂಡು ಉಜ್ಜಿತೆಂದು ಒಬ್ಬ ಸಂಶೋಧಕಿ ವಿಡಿಯೊ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತು ಎಣಿಸುತ್ತಾಳೆ. ಪುಡಿ ಕುಡಿಯದ ಇಲಿ ಇನ್ನೂರು ಸೆಕೆಂಡು ಉಜ್ಜಿದರೆ ಕುಡಿದದ್ದು ಹತ್ತೇ ಸೆಕೆಂಡು. ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬೇರೆ ಸಂಶೋಧನೆಗಳಿಗೆಲ್ಲ ಮೂಗು ಮುರಿದ ಇಲಿಯಣ್ಣ ಇದರ ಮೇಲೆ ಮಾತ್ರ ಒಳಗೊಳಗೇ ಆಸೆ ಇಟ್ಟಿದ್ದ. ಐದು ವರ್ಷದಿಂದ ಅವನ ಹೆಂಡತಿಯ ಬಲಗೆನ್ನೆಯಲ್ಲಿ ಅದೇ ನೋವು. ಹಲ್ಲುಜ್ಜುವಂತಿಲ್ಲ, ಅಗಿಯುವಂತಿಲ್ಲ, ಫ್ಯಾನಿನ ಗಾಳಿ ತಗುಲಿದರೂ ಕರೆಂಟು ಹೊಡೆದ ಹಾಗೆ. ನುಂಗಿದ ಮಾತ್ರೆಗಳಲ್ಲಿ ಒಂದು ಮೈಗೆ ಒಗ್ಗದೆ ದದ್ದು ಎಬ್ಬಿಸಿತು, ಮಿಕ್ಕವು ನೋವಿನ ಗೋಜಿಗೇ ಹೋಗಲಿಲ್ಲ. "ನಮ್ಮಲ್ಲೊಂದು ಮದ್ದು ಬರ್ತಾ ಇದೆ, ಸ್ವಲ್ಪ ತಡಿ" ಎಂದು ಅವಳಿಗೆ ಮಾತು ಕೊಟ್ಟಿದ್ದ.

ಒಂದು ದಿನ ಪುಡಿ ಕುಡಿದ ಇಲಿಯೊಂದನ್ನು ತೂಕಕ್ಕೆ ಎತ್ತಿದರೆ ಅದು ಒದ್ದೆ ಬಟ್ಟೆಯಂತೆ ಜೋತುಬಿತ್ತು. ಅಂಗಾತ ಮಲಗಿಸಿದ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹೊರಳಬೇಕಾದ ಪ್ರಾಣಿ ಹಾಗೇ ಬಿದ್ದಿತ್ತು. ಇಲಿಯಣ್ಣ ಅದನ್ನು ಪಂಜರಕ್ಕೆ ಬಿಟ್ಟ. ನೇರ ಡಾಕ್ಟರ ಕೋಣೆಗೆ ನಡೆದ.

"ಸಾರ್, ಇಲಿಗೆ ನೋವು ಹೋಗಿಲ್ಲ. ಮಂಪರು ಹತ್ತಿದೆ. ಉಜ್ಜೋಕೆ ಕಾಲೇ ಏಳ್ತಿಲ್ಲ."

"ನೋವಿಲ್ಲ, ಅದಕ್ಕೇ ಹಾಯಾಗಿದೆ ಕಣಯ್ಯಾ."

"ತಿರುಗೋ ಕೋಲಿನ ಮೇಲೆ ಒಂದ್ಸಲ ಬಿಟ್ಟು ನೋಡಿ ಸಾರ್."

"ನೀನು ಹೊಟ್ಟು ಬದಲಿಸು. ಮಿಕ್ಕಿದ್ದು ನಮಗೆ ಬಿಡು."

ಇಲಿಯ ಮೈ ಹಿಡಿತದಲ್ಲಿದೆಯೇ ಎಂದು ನೋಡುವ ಆ ಯಂತ್ರ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಊಟದ ಬಿಡುವಿನಲ್ಲಿ ಇಲಿಯಣ್ಣನೇ ಅದನ್ನು ಒರೆಸಿ, ಪುಡಿ ಕುಡಿದ ಆರು ಇಲಿಗಳನ್ನು ತಿರುಗುವ ಕೋಲಿನ ಮೇಲೆ ಬಿಟ್ಟ. ಆರೂ ಹತ್ತು ಸೆಕೆಂಡು ತಾಳದೆ ದೊಪ್ಪನೆ ಬಿದ್ದವು. ಕುಡಿಯದ ಇಲಿಗಳು ಎರಡು ನಿಮಿಷ ಠೀವಿಯಿಂದ ನಡೆದವು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟರೂ ಡಾಕ್ಟರ್ ಸೊಪ್ಪು ಹಾಕಲಿಲ್ಲ. ಚೀಟಿಯನ್ನು ಕಾಫಿ ಲೋಟದ ಅಡಿಗಿಟ್ಟು, ಸಭಾಂಗಣಕ್ಕೆ ಹೋಗಿ, ಮದ್ದು ಸಿಕ್ಕಿತು ಎಂದು ಸಾರಿ ಚಪ್ಪಾಳೆ ಗಿಟ್ಟಿಸಿದ. ತಟ್ಟಿದವರಲ್ಲಿ ಒಬ್ಬರೂ ಆ ಇಲಿಗಳನ್ನು ಮುಟ್ಟಿ ನೋಡಿದವರಲ್ಲ.

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. ಹೆಂಡತಿ ಕೆನ್ನೆಗೆ ಉಣ್ಣೆಬಟ್ಟೆ ಸುತ್ತಿಕೊಂಡು, ಗೋಡೆಗೆ ಒರಗಿ ಕೇಳುತ್ತಿದ್ದಳು.

"ಅವನೊಬ್ಬ ಬೆಪ್ಪುತಕ್ಕಡಿ ಕಣೇ. ಇಲಿ ಪ್ರಜ್ಞೆ ತಪ್ಪಿ ಬಿದ್ದಿದ್ರೆ ಗುಣ ಆಯ್ತು ಅಂತಾನೆ! ಮದ್ದೂ ಅಲ್ಲ ಮಣ್ಣೂ ಅಲ್ಲ. ಕವಡೆ ಕಾಸಿನ ಕಿಮ್ಮತ್ತಿಲ್ಲ ಆ ಪುಡಿಗೆ. ಅದರ ಆಸೆ ಬಿಟ್ಟುಬಿಡು."

ಅವಳು ತುಟಿಯ ಎಡಮೂಲೆಯಿಂದಷ್ಟೇ ಮಾತಾಡಬಲ್ಲಳು.

"ರೀ, ತುಟಿಗೆ ಚುಚ್ಚಿದ್ರೂ ಅವಕ್ಕೆ ಎಚ್ಚರ ಆಗಲ್ವಾ?"

"ಎಲ್ಲಿಂದ ಆಗತ್ತೆ? ಹೆಣದ ಹಾಗೆ ಬಿದ್ದಿರ್ತವೆ."

"ನಿದ್ದೆ ಮಾತ್ರೆ ನುಂಗಿದ್ರೂ ಈ ನೋವು ನನ್ನ ಎಬ್ಬಿಸಿ ಕೂರಿಸತ್ತೆ." ಅವಳು ಕಣ್ಣು ಮುಚ್ಚಿ, ಒಂದು ಅಲೆ ಹಾದುಹೋಗುವವರೆಗೆ ತಡೆದಳು. "ಆ ಪುಡೀನೇ ತನ್ನಿ."

ಇಲಿಯಣ್ಣನಿಗೆ ಬೈಯಲು ಯಾರೂ ಸಿಗಲಿಲ್ಲ.